ತಂಗಿಗೆ ಕೊಟ್ಟ ಟಿಕೆಟ್

ಹೊಲಿಗೆ ಅಂಗಡಿ,
ಸೋಮವಾರ ಬೆಳಗ್ಗೆ

ನನ್ನ ಮುದ್ದು ತಂಗಿಗೆ,

ನಿನ್ನೆಯಿಂದ ಫೋನ್ ಮಾಡುತ್ತಲೇ ಇದ್ದೀಯ. ಎತ್ತಿದ್ದರೆ ನೀನು ಅಳುತ್ತಿದ್ದೆ, ನಾನು ಕರಗಿಬಿಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕಿವಿಗೆ ಬಿದ್ದ ಸುದ್ದಿ ನಿಜ, ನಾನೇ ಹೇಳಿಬಿಡುತ್ತೇನೆ. ನಮ್ಮ ವಾರ್ಡಿನ ಟಿಕೆಟನ್ನು ಪಕ್ಷ ನಿನಗೆ ಕೊಟ್ಟಿದೆ. ನಾಳೆ ನಾನು ಪಕ್ಷೇತರಳಾಗಿ ನಾಮಪತ್ರ ಸಲ್ಲಿಸುತ್ತೇನೆ.

ಆಯ್ಕೆ ಹೇಗಾಯಿತೆಂದು ನಿನಗೆ ಯಾರೂ ಹೇಳಿರಲಾರರು. ನಮ್ಮಲ್ಲಿ ಟಿಕೆಟ್ ಕೇಳಿದವರು ಚರ್ಚೆಯ ಹೊತ್ತಿಗೆ ಹೊರಗೆ ಹೋಗಬೇಕು. ನಾನೂ ಕೇಳಿದ್ದೆನಲ್ಲ, ಪಕ್ಷದ ಕಚೇರಿಯ ಮೆಟ್ಟಿಲ ಮೇಲೆ, ಹಳೆಯ ಬ್ಯಾನರುಗಳ ಪಕ್ಕದಲ್ಲಿ ಕೂತಿದ್ದೆ. ಒಳಗಿನಿಂದ ನಗು ಕೇಳಿಸುತ್ತಿತ್ತು. ಬಾಗಿಲು ತೆರೆದಾಗ ಅಧ್ಯಕ್ಷರು ನನ್ನ ಮುಖ ನೋಡಲಿಲ್ಲ. ಅಕ್ಕಾ, ನೀವು ಮನೆಯವರಿದ್ದ ಹಾಗೆ, ಬೇರೆಯವರಿಗೆ ಕೊಟ್ಟರೆ ನಿಮಗೆ ಬೇಜಾರಾಗುತ್ತೆ ಅಂತ ನಿಮ್ಮ ತಂಗೀಗೇ ಕೊಟ್ವಿ, ಓದಿದಾಳೆ, ಚೆನ್ನಾಗಿ ಮಾತಾಡ್ತಾಳೆ, ಓಡಾಟಕ್ಕೆ ಹೇಗೂ ನೀವಿದೀರಲ್ಲ ಎಂದರು. ಇನ್ನೊಬ್ಬರು ಕೈಗೆ ಸಿಹಿ ಇಟ್ಟರು.

ನಿನಗೆ ಕೊಟ್ಟರೆ ನಾನು ತುಟಿ ಬಿಚ್ಚುವುದಿಲ್ಲ ಎಂದು ಅವರ ಎಣಿಕೆ. ನನಗೆ ಸಿಟ್ಟು ಬಂದದ್ದು ಅದಕ್ಕೆ, ನಿನ್ನ ಮೇಲಲ್ಲ. ನೀನಾಗಿ ಕೇಳಲಿಲ್ಲ, ಗೊತ್ತು. ಬೇಡ ಎನ್ನಲಿಲ್ಲ, ಅದೂ ಗೊತ್ತು.

ಮೋರಿ ಕಟ್ಟಿಕೊಂಡರೆ, ಬೀದಿದೀಪ ಕೆಟ್ಟರೆ ಜನ ಬರುವುದು ನನ್ನ ಅಂಗಡಿಗೆ. ಅಳತೆ ಕೊಡುತ್ತಲೇ ಅಹವಾಲು ಹೇಳುತ್ತಾರೆ. ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿ ತೆಗೆದು ನಾನು ನಗರಸಭೆಗೆ ಫೋನ್ ಹಚ್ಚುತ್ತೇನೆ. ಪ್ರತಿ ಚುನಾವಣೆಯಲ್ಲೂ ಬೇರೆಯವರ ಹೆಸರು ಕೂಗಿ ಕಟ್ಟಿದ ಗಂಟಲು ಇದು. ಈ ಸಲ ನನ್ನ ಹೆಸರು ಕೂಗಿಕೊಳ್ಳಲಿ.

ನಾಮಪತ್ರ ಹಿಂತೆಗೆದುಕೊಳ್ಳಲು ಗುರುವಾರದವರೆಗೆ ಸಮಯವಿದೆ ಎಂದು ನಿನ್ನ ಯಜಮಾನರು ಹೇಳಿ ಕಳಿಸಿದ್ದಾರೆ. ಆ ಸಮಯ ಇಬ್ಬರಿಗೂ ಇದೆಯಪ್ಪಾ ಎಂದು ಅವರಿಗೆ ಹೇಳು. ತಮಾಷೆಗೆ ಅಂದೆ, ನೀನು ಸರಿಯಬೇಡ. ನಿನ್ನ ದಯೆಯಿಂದ ಗೆದ್ದರೆ ಆ ಕುರ್ಚಿಯಲ್ಲಿ ನಾನು ನೆಟ್ಟಗೆ ಕೂರಲಾರೆ.

ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಬೇಡ. ನೀನು ಕೊಟ್ಟಿದ್ದ ಹಸಿರು ಬಟ್ಟೆ ಹೊಲಿದಾಗಿದೆ, ಬಂದು ತೆಗೆದುಕೊಂಡು ಹೋಗು. ಪ್ರಚಾರಕ್ಕೆ ಅದನ್ನೇ ಹಾಕಿಕೋ, ನಿನಗೆ ಒಪ್ಪುತ್ತದೆ.

ಈಗ ನಿನ್ನ ಎದುರಾಳಿಯೂ ಆದ,
ಅಕ್ಕ

ತಾ.ಕ.: ನನ್ನ ನಾಮಪತ್ರಕ್ಕೆ ಸೂಚಕಳಾಗಿ ಸಹಿ ಹಾಕಿದವಳು ಅಮ್ಮ. ಹಿಗ್ಗಿ ಹೋಗಿ, ಹಾಗಾದರೆ ಓಟೂ ನನಗೇ ತಾನೇ ಎಂದು ಕೇಳಿದೆ. ಸಹಿ ನಿನಗೆ ಹಾಕಿದೀನಿ, ಓಟು ಚಿಕ್ಕವಳಿಗೆ, ಇಬ್ಬರನ್ನೂ ಹೆತ್ತಿದೀನಲ್ಲ ಎಂದಳು. ಹಾಗಾಗಿ ನನ್ನ ಪ್ರಚಾರ ಇವತ್ತು ಅಮ್ಮನ ಅಡುಗೆಮನೆಯಿಂದಲೇ ಶುರು.