ಹಳೇ ವಾಷರ್ ಬಂತಾ?

ಭಾನುವಾರ, ಹದಿನಾಲ್ಕನೇ ತಾರೀಖು

ಗುಬ್ಬಿಯ ಅಪ್ಪನಿಗೆ,

ನಮಸ್ಕಾರ. ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಗುಬ್ಬಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಮಾತು ಮಾತ್ರ ಒಂದು ಚೂರೂ ಉದುರಿಲ್ಲ.

ನಿಮ್ಮ ಪತ್ರ ಮಂಗಳವಾರವೇ ಬಂತು. ಬಸ್ ಡಿಪೋದಲ್ಲಿ ಕೆಲಸ ಖಾಲಿ ಇದೆ, ಆದರೆ ಹಳೆಯ ಗ್ಯಾರೇಜಿನಿಂದ ಒಂದು ಒಳ್ಳೆಯ ಮಾತು ಬರೆಸಿ ತರಬೇಕಂತೆ, ಮಾಲೀಕರನ್ನು ನೀನೇ ಕೇಳಿ ನೋಡು ಎಂದಿದ್ದೀರಿ. ಕೇಳಿದೆ. ಎಂಜಿನ್ ಹಾಳು ಮಾಡಿದವನಿಗೆ ಯಾವ ಬಾಯಲ್ಲಿ ಒಳ್ಳೆಯ ಮಾತು ಹೇಳಲಿ ಎಂದರು. ನಾನು ತಲೆ ತಗ್ಗಿಸಿಕೊಂಡು ಕಾರಿನಡಿಯ ಗುಂಡಿಗೆ ಇಳಿದೆ.

ಈಗ ಗುಂಡಿಯಲ್ಲಿ ನಾನೊಬ್ಬಳೇ. ಬೆಳಗ್ಗೆ ಇಳಿದರೆ ನೆತ್ತಿಯ ಮೇಲೆ ಒಂದು ಕಾರು ಹೋಗಿ ಇನ್ನೊಂದು ಬರುತ್ತದೆ. ನಡುವೆ ಎರಡು ನಿಮಿಷ ಚಾವಣಿಯ ತಗಡು ಕಾಣುತ್ತದೆ, ಅಷ್ಟೇ. ಸಂಜೆ ಮೇಲೆ ಹತ್ತಿದರೆ ಹಿಂದಿನ ಎರಡು ಕೋಣೆ, ಅವೂ ಮಾಲೀಕರವೇ. ಅಡುಗೆಮನೆಯ ಕಿಟಕಿ ತೆರೆದರೆ ಮತ್ತೆ ಗ್ಯಾರೇಜಿನ ಗೋಡೆ. ನೀವಿದ್ದಾಗ ಇದೆಲ್ಲ ಇಷ್ಟು ಇಕ್ಕಟ್ಟು ಅನ್ನಿಸುತ್ತಿರಲಿಲ್ಲ.

ನಿಮ್ಮ ಪತ್ರದ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. "ಆ ದಿನ ಬಹುಶಃ ನಾನು ಕೇಳಲೇ ಇಲ್ಲವೇನೋ, ನೀನು ಸುಳ್ಳು ಹೇಳುವವಳಲ್ಲ" ಎಂದು ಬರೆದಿದ್ದೀರಿ. ಈಗ ನಿಮ್ಮ ಅಕ್ಕನ ಮನೆಯಲ್ಲಿ ಒಲೆ ಆರಿಸಿದ್ದಾಯಿತಾ ಎಂದು ಮೂರು ಮೂರು ಸಲ ಕೇಳುತ್ತೀರಂತೆ, ಅಕ್ಕ ನಗುತ್ತಾರಂತೆ. ನೀವು ತಮಾಷೆಗೆ ಬರೆದಿರಿ, ಓದಿ ನನಗೆ ಅಳು ಬಂತು.

ನೀವು ಕೇಳಿದಿರಿ ಕಣ್ರೀ.

ಆ ಬೂದು ಬಣ್ಣದ ಕಾರಿನ ಡ್ರೈನ್ ಪ್ಲಗ್ ಬಿಚ್ಚಿ, ಹಳೆ ಆಯಿಲ್ ಬಸಿಯಲು ಬಿಟ್ಟು, ನೀವು ಫಿಲ್ಟರ್ ತರಲು ಮೇಲೆ ಹೋದಿರಿ. ಪ್ಲಗ್ಗಿಗೆ ಹೊಸ ವಾಷರ್ ಹಾಕಿ ಬಿಗಿಯುವುದು ಯಾವಾಗಲೂ ನನ್ನ ಪಾಲು. ಮೇಲಿನಿಂದ ಎಂದಿನಂತೆ ಕೂಗಿದಿರಿ: "ಹಳೇ ವಾಷರ್ ಬಂತಾ?" ನನ್ನ ಕೈಯಲ್ಲಿದ್ದ ಪ್ಲಗ್ಗಿನಲ್ಲಿ ವಾಷರೇ ಇರಲಿಲ್ಲ. ಅದು ಆಯಿಲ್ ಚೇಂಬರಿನ ತಳಕ್ಕೆ ಕಚ್ಚಿಕೊಂಡಿದೆ, ಕೆರೆದು ತೆಗೆಯದಿದ್ದರೆ ಪ್ಲಗ್ ಬಿಗಿಯಾಗಿ ಕೂರುವುದಿಲ್ಲ ಎಂಬುದು ನನಗೆ ಹೊಸದೇನಲ್ಲ. ಆದರೆ ಬೆಳಗ್ಗೆ ಗುಬ್ಬಿಯ ಶೂ ವಿಷಯಕ್ಕೆ ಜಗಳವಾಡಿದ್ದೆವಲ್ಲ, ನಿಮ್ಮ ದನಿ ಕೇಳಿದರೇ ಮೈ ಉರಿಯುತ್ತಿತ್ತು. ಮಾತು ಮುಗಿದರೆ ಸಾಕಾಗಿತ್ತು. "ಬಂತು" ಅಂದೆ. ಹಳೆಯದರ ಮೇಲೇ ಹೊಸದನ್ನು ಕೂರಿಸಿ ಬಿಗಿದೆ. ನೀವು ನಂಬಿ ಕೆಲಸದ ಕಾರ್ಡಿಗೆ ಸಹಿ ಹಾಕಿದಿರಿ.

ಹನ್ನೊಂದನೇ ದಿನ ಪ್ಲಗ್ ಸಡಿಲವಾಗಿ, ಆಯಿಲೆಲ್ಲ ದಾರಿಯುದ್ದಕ್ಕೂ ಸೋರಿ, ಎಂಜಿನ್ ಜಾಮ್ ಆಗಿ ಕಾರನ್ನು ಎಳೆದು ತಂದರು. ಬಿಚ್ಚಿ ನೋಡಿದರೆ ಒಂದರ ಮೇಲೊಂದು ಎರಡು ವಾಷರ್. ನಮ್ಮ ಗ್ಯಾರೇಜಿನ ನಿಯಮ ನಿಮಗೆ ಹೇಳಬೇಕಾಗಿಲ್ಲ: ಕೇಳದೆ ಸಹಿ ಹಾಕಿದರೆ ತಪ್ಪು ಸಹಿ ಹಾಕಿದವರದು, ಕೇಳಿದಾಗ ಸುಳ್ಳು ಹೇಳಿದರೆ ಗುಂಡಿಯಲ್ಲಿದ್ದವರದು. ಮಾಲೀಕರು ಎಲ್ಲರೆದುರು ನನ್ನನ್ನೇ ಕೇಳಿದರು. "ಇಲ್ಲ, ಇವರು ಕೇಳಲಿಲ್ಲ" ಎಂದೆ. ನೀವು ನನ್ನ ಮುಖ ನೋಡಿದಿರಿ. ವಾದ ಮಾಡಿದ್ದರೆ ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದೆ. ನೀವು ಕೈ ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದಿರಿ.

ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಈ ಎರಡು ಕೋಣೆ. ನಿಮಗೆ ಎಲ್ಲಿ ಹೋದರೂ ಕೆಲಸ ಸಿಗುತ್ತದೆ, ಹೆಂಗಸನ್ನು ಯಾರು ಗುಂಡಿಗೆ ಇಳಿಸುತ್ತಾರೆ ಅಂದುಕೊಂಡೆ. ಎಂಟು ತಿಂಗಳಾದರೂ ನಿಮ್ಮನ್ನು ಯಾರೂ ಸೇರಿಸಿಕೊಂಡಿಲ್ಲ. ನಿಜ ಹೇಳಿದರೆ ನನ್ನ ಕೆಲಸ, ಮನೆ ಎರಡೂ ಹೋಗುತ್ತವೆ. ಹೇಳದಿದ್ದರೆ ನೀವು ನಿಮ್ಮನ್ನೇ ನಂಬದ ಮನುಷ್ಯರಾಗುತ್ತೀರಿ. ಯಾವ ಕಡೆ ಹೊರಳಿದರೂ ಗೋಡೆಯೇ ತಾಗುತ್ತದೆ.

ಮಾಲೀಕರ ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ನಿಮಗಾದರೂ ಗೊತ್ತಿರಲಿ. ಕ್ಷಮಿಸಿ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ, ಆ ಒಂದು ಮಾತಿನಿಂದ ಮುಗಿಯುವಂಥದ್ದಲ್ಲ ಇದು.

ಇಂತಿ,
ಗುಬ್ಬಿಯ ಅಮ್ಮ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ನೀವು ಇದನ್ನು ಯಾರಿಗೂ ತೋರಿಸುವವರಲ್ಲ ಎಂದು ಗೊತ್ತಿದ್ದೇ ಇಷ್ಟು ಧಾರಾಳವಾಗಿ ಬರೆದೆ ಅನ್ನಿಸಿ, ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಡೆದದ್ದನ್ನೆಲ್ಲ ಇನ್ನೊಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಮಾಲೀಕರ ಆಫೀಸಿನ ಬಾಗಿಲ ಕೆಳಗೆ ತಳ್ಳಿ ಬಂದೆ. ತಳ್ಳಿದ ಮರುಗಳಿಗೆಯೇ ಬೆರಳು ತೂರಿಸಿ ವಾಪಸ್ ಎಳೆದುಕೊಳ್ಳಲು ನೋಡಿದೆ, ಸಿಗಲಿಲ್ಲ. ಬೀಗದ ಕೈ ಅವರ ಹತ್ತಿರ ಇದೆ, ನಾಳೆ ಎಂಟಕ್ಕೆ ಬರುತ್ತಾರೆ. ಅಕ್ಕನ ಮನೆಯಲ್ಲಿ ನನಗೂ ಗುಬ್ಬಿಗೂ ಜಾಗ ಇದೆಯಾ? ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ. ನನ್ನ ಹಾಗೆ ಸುಮ್ಮನೆ ಇದೆ ಅನ್ನಬೇಡಿ.