ಪುಷ್ಪರಾಜ ಮಾತಾಡುವ ಹೊತ್ತು

೮ ಜನವರಿ ೧೯೬೨, ಬೆಳಿಗ್ಗೆ
ಪುಷ್ಪರಾಜ ಇವತ್ತೂ ಬಂಟ್ವಾಳದ ಬಸ್ಸು ಹತ್ತಲಿಲ್ಲ. ಕರಿ ಕೋಟು ಹಾಕಿ ಜಗಲಿಯಲ್ಲೇ ಕೂತ. ಕಾಫಿ ಲೋಟ ಹಿಡಿದರೆ ಅರ್ಧ ನೆಲಕ್ಕೆ. ಕೋರ್ಟಿನಲ್ಲಿ ಎದ್ದು ನಿಂತರೆ ಎದೆ ಹೊಡೆದುಕೊಳ್ಳುತ್ತದಂತೆ, ಸ್ವರ ಹೊರಡುವುದಿಲ್ಲವಂತೆ. ನನ್ನ ತಮ್ಮ, ನಮ್ಮ ಮನೆಯ ಮೊದಲ ವಕೀಲ. ವಕೀಲಿಯನ್ನೇ ಬಿಡುತ್ತೇನೆ ಎನ್ನುತ್ತಾನೆ. ಆಗದು ಎಂದೆ. ಅಮ್ಮ ಹೋದ ಮೇಲೆ ಕೀಲಿಗೊಂಚಲು ನನ್ನ ಸೊಂಟದಲ್ಲಿ.

೧೨ ಜನವರಿ
ಮಂಗಳೂರಿಗೆ ಹೋಗಿ ಬಂದೆವು. ನೆರೆಯವರಿಗೆ ಕಣ್ಣಿನ ಡಾಕ್ಟರು ಎಂದೆ. ನಿಜವಾಗಿ ಮನಸ್ಸಿನ ಡಾಕ್ಟರು. ಮದರಾಸಿನಲ್ಲಿ ಕಲಿತವರು, ಇನ್ನೂ ಎಳೆ ಪ್ರಾಯ. ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ — ಹಿರಿಯಳು ಇರುವಾಗ ಕಿರಿಯವನು ಬಾಯಿ ಹಾಕುವುದುಂಟೆ?
"ಅಮ್ಮ, ಎದೆ ಅವರದ್ದು. ನೀವು ಸ್ವಲ್ಪ ಹೊರಗೆ ಕೂತುಕೊಳ್ಳಿ" ಎಂದರು ಡಾಕ್ಟರು.
ಕೂತೆ. ಮದ್ದಿಲ್ಲ, ಇಂಜೆಕ್ಷನ್ ಇಲ್ಲ. ದಿನಾ ಅವನು ಮಾತಾಡಬೇಕಂತೆ, ನಾನು ಉತ್ತರಿಸದೆ ಕೇಳಬೇಕಂತೆ. ಇದು ಯಾವ ಸೀಮೆಯ ಚಿಕಿತ್ಸೆ…

೧೩ ಜನವರಿ
ಆಗಲಿಲ್ಲ. ಅವನು ಎರಡು ಮಾತು ಆಡುವಷ್ಟರಲ್ಲಿ ನಾನು ಹತ್ತು ಆಡಿದ್ದೆ.

೧೫ ಜನವರಿ
ಬಸದಿಗೆ ಹೋಗಿ ಸ್ವಾಮಿಯ ಎದುರು ವ್ರತ ಹಿಡಿದೆ. ನಮ್ಮ ಜೈನರಲ್ಲಿ ಸಂಜೆಯ ಊಟ ಹೊತ್ತಿರುವಾಗಲೇ; ಅದಾದ ಮೇಲೆ ಸೂರ್ಯ ಮುಳುಗುವ ತನಕ ನನಗೆ ಮೌನ, ಮಾತು ಅವನದ್ದು. ಡಾಕ್ಟರ ಮಾತು ಮೀರಬಹುದು, ವ್ರತ ಮೀರಲಿಕ್ಕಿಲ್ಲ.

೩೦ ಜನವರಿ
ಏನೆಂದು ಬರೆಯಲಿ… ಒಂದೇ ಸೂರಿನಡಿ ಬೆಳೆದವನು, ಇಷ್ಟು ಮಾತು ಇವನೊಳಗೆ ಇತ್ತೇ? ಇವತ್ತು ಹೇಳಿದ: "ಜಡ್ಜರು ಪ್ರಶ್ನೆ ಕೇಳುವಾಗ ನನಗೆ ನಿಮ್ಮದೇ ಸ್ವರ ಕೇಳ್ತದೆ ಅಕ್ಕ. ತಪ್ಪಿದರೆ ಎಂತ ಹೇಳ್ತೀರೋ ಅಂತ ಹೆದರಿಕೆ."
ಸಿಟ್ಟು ನಾಲಿಗೆಯ ತುದಿಗೆ ಬಂತು. ವ್ರತ ತಡೆಯಿತು. ಅವನು ಹೇಳುತ್ತಲೇ ಹೋದ. ಹೇಳುತ್ತಲೇ ಲೋಟ ಎತ್ತಿ ನೀರು ಕುಡಿದ. ಒಂದು ಹನಿ ಚೆಲ್ಲಲಿಲ್ಲ. ಅವನಿಗೇ ಗೊತ್ತಾಗಲಿಲ್ಲ.
ಮೈ ಜುಮ್ಮೆಂದಿತು. ಯಾರೂ ಮುಟ್ಟಿಲ್ಲ, ಮದ್ದು ಕುಡಿಸಿಲ್ಲ, ಆದರೂ ಅವನ ಕೈ ನೆಟ್ಟಗಿತ್ತು. ಬಸದಿಯ ಕಂಬಗಳ ನಡುವೆ ಒಬ್ಬಳೇ ನಿಂತಾಗ ಆಗುವ ಹಾಗೆ ಆಯಿತು ನನಗೆ.

೧೨ ಫೆಬ್ರವರಿ, ಸಂಜೆ
ಕೋರ್ಟಿಗೆ ಹೋಗಿ ಬಂದ. ಎದ್ದು ನಿಂತನಂತೆ. ಸ್ವರ ನಡುಗಿತಂತೆ, ಆದರೂ ಹೊರಟಿತಂತೆ. ಕೇಸು ಸೋತ. ಸೋತದ್ದನ್ನು ನಗುತ್ತಾ ಹೇಳಿದ. ನಾನು ಬೈಯಲಿಲ್ಲ.
"ನಾಳೆ ಮೌನ ನನಗೆ ಬಿಡಿ ಅಕ್ಕ. ನೀವು ಮಾತಾಡಿ, ನಾನು ಕೇಳ್ತೇನೆ" ಎಂದ.

೧೩ ಫೆಬ್ರವರಿ, ಸಂಜೆ
ಊಟವಾಯಿತು. ಜಗಲಿಯಲ್ಲಿ ಕಾಯುತ್ತಿದ್ದಾನೆ. ನನಗೆ ಹೇಳಲಿಕ್ಕೆ ಏನುಂಟು? ಇಷ್ಟು ದೊಡ್ಡ ಮನೆ ನಡೆಸಿದವಳು. ಪೆನ್ನು ಹಿಡಿದ ಕೈ ನೋಡಿದೆ. ಸಣ್ಣಗೆ ನಡುಗುತ್ತಿದೆ. ಕೀಲಿಗೊಂಚಲು ಸೊಂಟಕ್ಕೆ ಬಂದ ಆ ದಿನದಿಂದ ಶುರುಮಾಡಲೋ, ಅಥವಾ —