ಕೊನೆಯ ಕೈ

ಫೆಬ್ರವರಿ 9
ಶೆಡ್ಡಿನಲ್ಲಿ ಇವತ್ತೂ ಅದೇ ಬಿಳಿ ಕಾರಿನ ನಜ್ಜಿದ ಬಾಗಿಲು. ತಗ್ಗಿಗೆ ಮೆತ್ತಿದ ಪುಟ್ಟಿ ಒಣಗಿತು. ಮರದ ತುಂಡಿಗೆ ಸ್ಯಾಂಡ್‌ಪೇಪರ್ ಸುತ್ತಿ ಉಜ್ಜಿದ್ದೇ ಉಜ್ಜಿದ್ದು. ಕರಿಪುಡಿ ಸವರಿ ಮತ್ತೆ ಉಜ್ಜಿದೆ — ತಗ್ಗಿದ್ದರೆ ಅಲ್ಲಿ ಕಪ್ಪು ಉಳಿಯಬೇಕು. ಉಳಿಯಲಿಲ್ಲ. ಆದರೂ ಮಾವನಿಗೆ ಸಮಾಧಾನವಿಲ್ಲ.

"ಚಿಕ್ಕೋಳನ್ನ ಕರಿ. ಒಂದ್ಸಲ ಕೈಯಾಡಿಸ್ಲಿ."

ಚಿಕ್ಕವಳೆಂದರೆ ಮೈದುನನ ಹೆಂಡತಿ, ನನ್ನ ವಾರಗಿತ್ತಿ. ಈ ಶೆಡ್ಡಿಗೆ ಮೊನ್ನೆ ಮೊನ್ನೆ ಕಾಲಿಟ್ಟವಳು. ಪುಟ್ಟಿ ಕಲಸಲು ಕಲಿಸಿದವಳೇ ನಾನು! ಬಂದಳು. ಕಣ್ಣು ಮುಚ್ಚಿ, ತೆಳು ಬಟ್ಟೆಯ ಮೇಲಿಂದ ಅಂಗೈ ಸರಿಸಿದಳು.

"ಹ್ಯಾಂಡಲ್ ಕೆಳಗೆ ಚೂರು ತಗ್ಗಿದೆ ಅಕ್ಕಾ."

ಇತ್ತು. ಚಿಕ್ಕ ಮರದ ತುಂಡು ಹಿಡಿದದ್ದು ನನ್ನ ತಪ್ಪು, ಅದು ತಗ್ಗಿನ ಜೊತೆಗೇ ಇಳಿದು ಕಪ್ಪನ್ನೂ ಉಜ್ಜಿಹಾಕಿದೆ. ಅವಳು ಸುಳ್ಳು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಫೆಬ್ರವರಿ 12
ನಮ್ಮ ಶೆಡ್ಡಿನ ಪದ್ಧತಿ — ಬಣ್ಣಕ್ಕೆ ಹೋಗುವ ಮುಂಚೆ ಸವರಿ ನೋಡುವ ಕೊನೆಯ ಕೈ ಮಾವನದು. ಅವರು "ಹೂಂ" ಅಂದ ಮೇಲೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಈಗ ಅವರ ಬೆರಳಿಗೆ ಜೋಮು. ಊಟದ ಹೊತ್ತಿಗೆ ಹೇಳಿಯೇಬಿಟ್ಟರು.

"ಹಳೇ ಕಾರಿನ ಬಾನೆಟ್ ಚಿಕ್ಕೋಳು ಮಾಡ್ತಾಳೆ. ಚೆನ್ನಾಗಿ ಬಂದ್ರೆ ಇನ್ಮೇಲೆ ಕೊನೇ ಕೈ ಅವಳದ್ದು."

ನನ್ನ ಗಂಡ ತಲೆಯೆತ್ತದೆ ತಿಂದರು. ನಾನೇನು ಲೆಕ್ಕಕ್ಕಿಲ್ಲವೇ? ಮದುವೆಯಾದಾಗಿನಿಂದ ಈ ಧೂಳು ಕುಡಿದಿದ್ದೇನೆ. ಹೊಟ್ಟೆಕಿಚ್ಚು ಅನ್ನಲಿ. ಹೌದು, ಹೊಟ್ಟೆಕಿಚ್ಚೇ. ಅವಳ ನಗು ಕಂಡರೂ ಮೈ ಉರಿಯುತ್ತದೆ.

ಫೆಬ್ರವರಿ 20, ಬೆಳಿಗ್ಗೆ
ಬಾನೆಟ್‌ನ ಪ್ರೈಮರ್ ಉಜ್ಜಿ, ಜಿಡ್ಡು ಹೋಗಲೆಂದು ಥಿನ್ನರ್ ಬಟ್ಟೆಯಲ್ಲಿ ಒರೆಸಿಟ್ಟಿದ್ದಾಳೆ. ಇನ್ನು ಬರಿಗೈ ಸೋಕಬಾರದು. ಜಿಡ್ಡು ತಗುಲಿದರೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ಬಣ್ಣ ಹೊಡೆಯುವವನು ಮೈದುನ. ಹೆಂಡತಿ ಒರೆಸಿದ್ದನ್ನು ಅವನು ಮತ್ತೆ ಒರೆಸುವುದಿಲ್ಲ... ಅಷ್ಟು ನಂಬಿಕೆ.

ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಕೈ ತೊಳೆಯಲಿಲ್ಲ. ಶೆಡ್ಡಿಗೆ ಹೋದೆ. ಯಾರೂ ಇರಲಿಲ್ಲ. ಬಾನೆಟ್‌ನಲ್ಲಿ ಒಂದೇ ಒಂದು ಕುಂದಿದ್ದಿದ್ದರೂ ಸುಮ್ಮನೆ ವಾಪಸ್ ಬರುತ್ತಿದ್ದೆ. ಹುಡುಕಿದೆ. ಇರಲಿಲ್ಲ.

ಕೈ ಇಟ್ಟೆ. ಒತ್ತಿ.

ಅದೇ ದಿನ, ಸಂಜೆ
ಮೈದುನ ಬಣ್ಣ ಹೊಡೆದ. ಎಲ್ಲೋ ಒಂದು ಕಲೆಯಾದೀತು ಅಂದುಕೊಂಡಿದ್ದೆ. ಅಂಗೈ, ಐದೂ ಬೆರಳು — ಅಚ್ಚೊತ್ತಿದ ಹಾಗೆ ಬಣ್ಣ ಬಿಟ್ಟುಕೊಂಡಿದೆ!

"ಯಾರ ಕೈ ಇದು?" ಮಾವ.

ನಾನು ಕೈಯನ್ನು ಸೆರಗಿನಲ್ಲಿ ಮರೆಮಾಡಿದೆ. ಚಿಕ್ಕವಳು ಆ ಅಚ್ಚಿನ ಮೇಲೆ, ತಾಕದ ಹಾಗೆ, ತನ್ನ ಅಂಗೈ ಹಿಡಿದಳು. ಅವಳ ಬೆರಳು ಉದ್ದ, ಅಚ್ಚು ದಾಟಿ ಹೋಯಿತು. ನನ್ನ ಕಡೆ ನೋಡಿದಳು. ಚಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

"ನಂದೇ ಮಾವ. ಮರ್ತು ಮುಟ್ಟಿಬಿಟ್ಟೆ."

ಮಾವ ಅವಳನ್ನೂ ಆ ಅಚ್ಚನ್ನೂ ನೋಡಿದರು. ಆಮೇಲೆ, "ಕೊನೇ ಕೈ ದೊಡ್ಡೋಳದ್ದೇ ಇರ್ಲಿ" ಅಂದರು.

ಗೆದ್ದೆ.

ಮಾರ್ಚ್ 1
ಬರೆಯಲು ಮನಸ್ಸಾಗಿರಲಿಲ್ಲ. ಇವತ್ತು ಬಟ್ಟೆ ಒಣಹಾಕುವಾಗ ಅವಳೇ ಮಾತು ತೆಗೆದಳು.

"ಅಷ್ಟು ಬೇಕಿದ್ರೆ ಕೇಳ್ಬಹುದಿತ್ತಲ್ಲ ಅಕ್ಕಾ. ಬಿಟ್ಟುಕೊಡ್ತಿದ್ದೆ."

ಬಿಟ್ಟುಕೊಡುತ್ತಾಳಂತೆ! ಇವಳಪ್ಪನ ಮನೆಯ ಗಂಟು ನೋಡಿ! ತಪ್ಪು ಹೊರುವುದರಲ್ಲೂ ನನ್ನನ್ನು ಮೀರಿಸಬೇಕಿತ್ತೇ? ಒಂದು ಸಲ ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ನನ್ನ ಮಗಳ ಲಂಗ ಕೊಡವಿ ತಂತಿಗೆ ಹಾಕಿದಳು.

ಮಾರ್ಚ್ 4
ಅದೇ ಬಾನೆಟ್. ಬಣ್ಣ ಕೆರೆದು ಮೊದಲಿನಿಂದ ಉಜ್ಜಿದ್ದಾಳೆ. ನನ್ನ ಮೊದಲ "ಹೂಂ" ಅದಕ್ಕೇ. ಎಲ್ಲರೂ ಸುತ್ತ ನಿಂತರು. ಕಣ್ಣು ಮುಚ್ಚಿ, ಬಟ್ಟೆಯ ಮೇಲಿಂದ ಅಂಗೈ ಸರಿಸಿದೆ. ಏನೂ ಸಿಗಲಿಲ್ಲ. ಅಷ್ಟು ನೇರವಿದೆಯೋ, ನನ್ನ ಕೈಗೇ ತಿಳಿಯುತ್ತಿಲ್ಲವೋ...

"ಹೂಂ" ಅಂದೆ.

ಮಾವ ತಲೆಯಾಡಿಸಿ ಹೋದರು. ಮೈದುನ ಸ್ಪ್ರೇ ಗನ್ ತರಲು ಹೋದ. ಚಿಕ್ಕವಳು ಹೊಸ ಬಟ್ಟೆಗೆ ಥಿನ್ನರ್ ಹಾಕಿಕೊಂಡು ಒರೆಸತೊಡಗಿದಳು. ನನ್ನ ಕೈ ಹೋದಲ್ಲೆಲ್ಲ. ಒಂದು ಕಡೆಯೂ ಬಿಡದೆ, ನನ್ನ ಎದುರಿಗೇ. ಸಿಟ್ಟಿರಲಿಲ್ಲ ಮುಖದಲ್ಲಿ. ಸಾಕು ನಿಲ್ಲಿಸು ಅನ್ನೋಣವೆಂದರೆ — ಆ ಬಾನೆಟ್ ಮೇಲೆ ಒಮ್ಮೆ ಅಚ್ಚು ಬಿಟ್ಟ ಕೈ ನನ್ನದೇ.